ತಿಂಗಳಿಗೊಮ್ಮೆ ಕೊಪ್ಪಳಕ್ಕೆ

"ತಡೀರಿ ಬಾಯಾರ! ಗಾಡಿ ಹತ್ತಬ್ಯಾಡ್ರಿ!"

ಬಾಗಿಲಿಗೆ ಕೈ ಹಾಕಿದ್ದ ಕಸ್ತೂರೆಮ್ಮ ಬೆಚ್ಚಿ ಹಿಂದೆ ಸರಿದಳು. ಕಾರಿನ ಅಡಿಯಿಂದ ಒಬ್ಬ ತರುಣ ತೆವಳಿಕೊಂಡು ಹೊರಬಂದ. ಮುಖವೆಲ್ಲ ಮಸಿ.

"ಜಾಕಿನ ಮ್ಯಾಲೆ ನಿಂತೈತ್ರಿ. ನೀವು ಹತ್ತಿದ್ರ ನನ್ನ ಎದಿ ಮ್ಯಾಲೇ ಕುಂದರತಿತ್ತು!"

ಹೇಳಿ ನಕ್ಕುಬಿಟ್ಟ. ಅವಳಿಗೂ ನಗು ಬಂತು. ಪರ ಗಂಡಸಿನ ಮುಂದೆ ತಾನು ನಕ್ಕು ಎಷ್ಟು ವರ್ಷವಾಗಿತ್ತು...?

ಅದು ಸಾವಿರದ ಒಂಬೈನೂರ ನಲವತ್ಮೂರು. ಕಸ್ತೂರೆಮ್ಮ ಕುಷ್ಟಗಿ ದವಾಖಾನೆಯ ನರ್ಸು, ಜನರಿಗೆ ಗೌರವದ 'ಬಾಯಾರು'. ಒಂಬತ್ತಕ್ಕೆ ಮದುವೆ, ಹನ್ನೊಂದಕ್ಕೆ ವೈಧವ್ಯ. ಈಗ ಇಪ್ಪತ್ತಾರು. ರೈಲಿಗೆ ಬರುವ ಔಷಧದ ಪೆಟ್ಟಿಗೆ ತರಲು ತಿಂಗಳಿಗೊಮ್ಮೆ ಡಾಕ್ಟರ ಕಾರಿನಲ್ಲಿ ಕೊಪ್ಪಳಕ್ಕೆ ಬರುತ್ತಿದ್ದಳು. ಅಂದು ಡ್ರೈವರ್ ಯಮನೂರಸಾಬ ಕಾರನ್ನು ಸರ್ವಿಸಿಗೆಂದು ಸ್ಟೇಷನ್ ಹತ್ತಿರದ ದುರಗಪ್ಪ ಮಿಸ್ತ್ರಿಯ ಶೆಡ್ಡಿಗೆ ಬಿಟ್ಟಿದ್ದ. ಆ ತರುಣನೇ ದುರಗಪ್ಪ.

"ಏನ್ ಕೆಟ್ಟೈತಿ ಮಿಸ್ತ್ರಿ?"

"ದೊಡ್ಡದೇನಿಲ್ರಿ. ಎಂಜಿನ್ ಎಣ್ಣಿ ಹನಿ ಹನಿ ಸೋರತೈತಿ. ಎಣ್ಣಿ ತಡಿಯೋ ತಳದಾಗಿನ ಪಟ್ಟಿ ಸವದೈತಿ. ಲಡಾಯಿ ನಡದೈತಲ್ಲ, ಹೊಸಾದು ಸಿಗವಲ್ದು. ಹೈದರಾಬಾದಿಗೆ ಬರದು ತರಸ್ತೀನಿ. ಅಲ್ಲೀತನಕ ತಿಂಗಳಿಗೊಮ್ಮೆ ತರ್ರಿ, ನೋಡಿ ಎಣ್ಣಿ ಹಾಕ್ತೀನಿ."

ಹೀಗೆ ಶುರುವಾಯಿತು.

ಅವನು ಕೆಲಸ ಮಾಡುವಾಗ ಅವಳು ಬೇವಿನ ಮರದಡಿ ಬೆಂಚಿನ ಮೇಲೆ ಕೂರುತ್ತಿದ್ದಳು. ಅವನು ಪ್ರತಿ ಸಲವೂ ಕೇಳುವುದು ಒಂದೇ ಮಾತು.

"ಈ ತಿಂಗಳು ಎಷ್ಟು ಕೂಸು ಹಿಡದ್ರಿ ಬಾಯಾರ?"

ಅವಳು ಹೇಳುತ್ತಿದ್ದಳು. ಕಾಲು ಮುಂದಾಗಿ ಬಂದ ಕೂಸು, ಅವಳಿ ಕೂಸು, ಬದುಕದೇ ಹೋದ ಕೂಸು... ಅವನು ಸ್ಪ್ಯಾನರ್ ಕೆಳಗಿಟ್ಟು ಕೇಳುತ್ತಿದ್ದ. ಅವಳ ಕೆಲಸದ ಬಗ್ಗೆ ಹಾಗೆ ಯಾರೂ ಕೇಳಿರಲಿಲ್ಲ.

'ಆ ಪಟ್ಟಿ ಬರದೇ ಇರಲಿ ದೇವರೇ...' ಎಂದು ಬೇಡಿಕೊಂಡು, ಮರುಗಳಿಗೆ ತನಗೆ ತಾನೇ ನಾಚಿಕೊಳ್ಳುತ್ತಿದ್ದಳು.

ಒಂದು ದಿನ ದವಾಖಾನೆಯ ಅಡುಗೆಯ ಗೌಸಬೀ ಅವಳ ಕೈ ಹಿಡಿದು ಹೇಳಿದಳು.

"ಬ್ಯಾಸರ ಮಾಡ್ಕೋಬ್ಯಾಡವ್ವ. ನಿನ್ನ ನೋಡಾಕ ಆ ಮಿಸ್ತ್ರಿ ಸುಳ್ಳು ಸುಳ್ಳ ಎಣ್ಣಿ ಸೋರತೈತಿ ಅಂತಾನಂತ. ಮಂದಿ ನಗಾಕತ್ತಾರ."

ಮುಂದಿನ ಸಲ ಕಸ್ತೂರೆಮ್ಮ ಬೆಂಚಿನ ಮೇಲೆ ಕೂರಲೇ ಇಲ್ಲ.

"ಸುಳ್ಳು ಹೇಳಿ ನನ್ನ ಹೆಸರು ಕೆಡಿಸಬ್ಯಾಡ್ರಿ!"

ದುರಗಪ್ಪ ಎಣ್ಣೆ ಮೆತ್ತಿದ ಕೈ ಮುಂದೆ ಹಿಡಿದ. "ಸುಳ್ಳಲ್ರಿ ಬಾಯಾರ..." ಎಂದಷ್ಟೇ ಅಂದ.

ಆಕೆ ತಿರುಗಿ ನೋಡಲಿಲ್ಲ. ಕುಷ್ಟಗಿಗೆ ಬಂದವಳೇ, ಮಿಸ್ತ್ರಿ ಇಲ್ಲದ ಕೆಲಸ ಹುಟ್ಟಿಸುತ್ತಾನೆಂದು ಡಾಕ್ಟರಿಗೆ ಹೇಳಿದಳು. ಕಾರು ಶೆಡ್ಡಿಗೆ ಹೋಗುವುದು ನಿಂತಿತು. ಔಷಧಕ್ಕೆ ಯಮನೂರಸಾಬ ಒಬ್ಬನೇ ಹೋಗತೊಡಗಿದ.

ನಾಲ್ಕು ತಿಂಗಳು! ಕೊಪ್ಪಳದಿಂದ ಕಾರು ತಿರುಗಿ ಬಂದಾಗಲೆಲ್ಲ ಕಿಟಕಿಯಲ್ಲಿ ನಿಲ್ಲುತ್ತಿದ್ದಳು. 'ಅವನು ನನ್ನ ಕೇಳಿದನೇ?' ಎಂಬ ಮಾತು ಬಾಯಿಗೆ ಬಂದು ಹಿಂದಕ್ಕೆ ಹೋಗುತ್ತಿತ್ತು. ಈಗ ಅವಳು ಹಿಡಿದ ಕೂಸುಗಳ ಲೆಕ್ಕ ಕೇಳುವವರೇ ಇರಲಿಲ್ಲ...

ಬೇಸಿಗೆಯ ಒಂದು ಮಧ್ಯಾಹ್ನ. ಯಲಬುರ್ಗಾ ಕಡೆಯ ಹಳ್ಳಿಯಿಂದ ಗಾಳೆಮ್ಮ ಎಂಬ ಬಾಣಂತಿಯನ್ನು ಕಸ್ತೂರೆಮ್ಮ, ಯಮನೂರಸಾಬ ಕಾರಿನಲ್ಲಿ ದವಾಖಾನೆಗೆ ಕರೆತರುತ್ತಿದ್ದರು. ಹೆರಿಗೆಯಾಗಿ ರಕ್ತ ನಿಲ್ಲುತ್ತಿರಲಿಲ್ಲ. ದಾರಿಯಲ್ಲಿ ಸುಟ್ಟ ವಾಸನೆ ಬಂದು ಕಾರು ನಿಂತಿತು.

ಯಮನೂರಸಾಬ ಎಂಜಿನ್ನಿನ ಅಳತೆ ಕಡ್ಡಿ ಎಳೆದು ನೋಡಿದ.

"ಯಾ ಅಲ್ಲಾ! ಒಂದ್ ಹನಿ ಎಣ್ಣಿ ಇಲ್ಲವ್ವ! ಡಾಕ್ಟರು ಸೋರೂದು ಸುಳ್ಳಂದಿದ್ರು, ನಾನೂ ನೋಡಿರಲಿಲ್ಲ!"

ಕಸ್ತೂರೆಮ್ಮ ಆ ಒಣ ಕಡ್ಡಿಯನ್ನೇ ನೋಡಿದಳು. ದುರಗಪ್ಪ ಹೇಳಿದ್ದು ನಿಜವಾಗಿತ್ತು... ನಂಬದವಳು ತಾನು!

ಯಮನೂರಸಾಬ ಹಿಂದಿನ ಸೀಟಿನ ಕೆಳಗಿಂದ ಎಣ್ಣೆಯ ಒಂದು ಡಬ್ಬಿ ತೆಗೆದ.

"ಕಡೀ ಸಲ ಶೆಡ್ಡಿಗೆ ಹೋದಾಗ ಮಿಸ್ತ್ರಿ ಇಟ್ಟಿದ್ದ. ಬಾಯಾರು ನನ್ನ ನಂಬದಿದ್ರೂ ಇದು ಗಾಡ್ಯಾಗ ಇರಲಿ ಅಂದಿದ್ದ. ನಾನೂ ಮರತಿದ್ದೆ."

ಎಣ್ಣೆ ಹಾಕಿ ಎಂಜಿನ್ ತಣಿಯುವವರೆಗೆ ಕಸ್ತೂರೆಮ್ಮ ಗಾಳೆಮ್ಮನ ಹೊಟ್ಟೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು. ಕಾರು ಹೊರಟಿತು. ಗಾಳೆಮ್ಮ ಬದುಕಿದಳು.

ಮೂರನೇ ದಿನ ಬೆಳಿಗ್ಗೆ ಕಸ್ತೂರೆಮ್ಮ ಕೊಪ್ಪಳದ ಶೆಡ್ಡಿನ ಮುಂದೆ ನಿಂತಿದ್ದಳು. ದುರಗಪ್ಪ ಅವಳನ್ನು ನೋಡಿ ಕೈಯಲ್ಲಿದ್ದುದನ್ನು ಕೆಳಗೆ ಹಾಕಿದ. ತುಂಬಾ ಸೊರಗಿದ್ದ.

"ನಂದು ತಪ್ಪಾತ್ರಿ..." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೀವು ಇಟ್ಟ ಎಣ್ಣಿ ಡಬ್ಬಿ ಇರದಿದ್ರ ಒಬ್ಬಾಕಿ ಜೀವಾ ಹೋಗತಿತ್ತು, ನನ್ನ ಸಿಟ್ಟಿನ ಸಲುವಾಗಿ."

"ಅಳಬ್ಯಾಡ್ರಿ. ಪಟ್ಟಿ ಬಂದು ಎರಡು ತಿಂಗಳಾತು. ಯಮನೂರಸಾಬನ ಕೂಡ ಹೇಳಿ ಕಳಿಸಿದ್ದೆ, ಡಾಕ್ಟರು ಬ್ಯಾಡಂದ್ರಂತ. ನಾನೇ ಬಂದ್ರ ನಿಮ್ಮ ಹೆಸರಿಗೆ ಮತ್ತ ಕೆಟ್ಟದ್ದು ಅಂತ ಬರಲಿಲ್ಲ."

ನೆಲ ನೋಡುತ್ತಾ ಅಂದ.

"ಆದ್ರ ಮಂದಿ ಹೇಳಿದ್ದರಾಗ ಅರ್ಧ ಖರೆ ಐತ್ರಿ. ಎಣ್ಣಿ ಸೋರತಿತ್ತು. ಅರ್ಧ ತಾಸಿನ ಕೆಲಸಕ್ಕ ಮಧ್ಯಾಹ್ನದ ತನಕ ಹಿಡೀತಿದ್ನಲ್ಲ... ಅದು ನಿಮ್ಮ ಸಲುವಾಗಿ."

ಕಸ್ತೂರೆಮ್ಮ ತಲೆಯೆತ್ತಿ ಅವನನ್ನು ನೋಡಿದಳು. ನಾಲ್ಕು ತಿಂಗಳ ಹಂಬಲ ಕಣ್ಣಲ್ಲಿ ತುಂಬಿ ಬಂತು.

"ನಾ ಗಂಡ ಸತ್ತಾಕಿ. ಗೊತ್ತೈತಲ್ಲ?"

"ಗೊತ್ತೈತ್ರಿ. ನಮ್ಮ ಮಂದ್ಯಾಗ ಉಡಿಕಿ ನಡೀತೈತಿ. ಗಂಡ ಸತ್ತಾಕಿ ಮತ್ತ ಮದುವಿ ಆದ್ರ ಯಾರೂ ಬ್ಯಾಡನ್ನೂದಿಲ್ಲ."

"ನಮ್ಮ ಮಂದ್ಯಾಗೂ ನಡೀತೈತಿ..." ಅವಳು ಸೆರಗು ಹೊದ್ದುಕೊಂಡಳು. "ನಮ್ಮವ್ವ ನವಲಿ ಊರಾಗ ಅದಾಳ. ಹಿರಿಯಾರನ್ನ ಕರಕೊಂಡು ಹೋಗಿ ಕೇಳ್ರಿ."

ಅವನು ಕೈಯ ಮಸಿ ಒರೆಸಿಕೊಂಡ. ಮೆಲ್ಲಗೆ ಕೇಳಿದ.

"ಅವ್ವಾರ ಮುಂದ ಏನಂತ ಹೇಳ್ಲಿ?"

"ನಿಮ್ಮ ಮಗಳು ಆಗಲೇ ಹೂಂ ಅಂದಾಳ, ಅನ್ರಿ."