ಹಸೆಯ ಮೇಲೆ ಹಾಡದ ಹಾಡು

ಆ ಶನಿವಾರವೂ ಹೊನ್ನಯ್ಯನ ಅಂಗಿಯ ಹೆಗಲಿಗೆ ಪೌಡರ್ ಅಂಟಿತ್ತು. ಭದ್ರಾವತಿಯಲ್ಲಿ ಮಹಾರಾಜರ ಕಬ್ಬಿಣದ ಕಾರ್ಖಾನೆಗೆ ಹೋಗುವ ಗಂಡಸಿಗೆ ಮಸಿ ಅಂಟಬೇಕು. ಗುಲಾಬಿ ವಾಸನೆಯ ಪೌಡರ್ ಯಾವ ಕುಲುಮೆಯಿಂದ ಹಾರಿ ಬರುತ್ತದೆ?

"ಎಲ್ಲಿಗೆ ಹೋಗಿದ್ರಿ?" ಹೆಂಡತಿ ಸುವರ್ಣ ಕೇಳಿದಳು.

"ಹೀಗೇ, ಓಲ್ಡ್ ಟೌನ್ ಕಡೆ."

"ಹೀಗೇ ಅಂದ್ರೆ?"

"ಹೀಗೇ ಅಂದ್ರೆ ಹೀಗೇ ಮಾರಾಯ್ತಿ," ಎಂದವನೇ ಬಚ್ಚಲಿಗೆ ನುಸುಳಿದ. ಒಳಗಿನಿಂದ ಮೆಲ್ಲಗೆ ಹಾಡು ಬಂತು. 'ನೀ ಬಾರದ ಸಂಜೆಗೆ ದೀಪವೇಕೆ...'

ಸುವರ್ಣಳ ಹೊಟ್ಟೆ ಉರಿಯಿತು. ಹೋದ ವರ್ಷ ಶಿವಮೊಗ್ಗದಲ್ಲಿ ಅವರ ಮದುವೆಯಾದಾಗ, ಹಸೆಯ ಮೇಲೆ ಒಬ್ಬರ ಹೆಸರನ್ನೊಬ್ಬರು ಹಾಡಿನಲ್ಲಿ ಸೇರಿಸಿ ಹೇಳುವ ಶಾಸ್ತ್ರವಿತ್ತು. ಅವಳು ನಾಚಿಕೆ ನುಂಗಿಕೊಂಡು ಹಾಡಿದಳು. ಇವನು ಬಾಯಿಯೇ ಬಿಡಲಿಲ್ಲ. ನೆರೆದ ಹೆಂಗಸರು, 'ಗಂಡಿಗೆ ಮನಸ್ಸಿಲ್ಲವೇನೋ' ಎಂದು ನಕ್ಕರು. ಆ ಮಾತು ಇನ್ನೂ ಚುಚ್ಚುತ್ತಿತ್ತು. ಅವಳಿಗೋ, ಅವನೆಂದರೆ ಪ್ರಾಣ. ಅವತ್ತು ಬಾರದ ಹಾಡನ್ನು ಈಗ ಯಾರಿಗಾಗಿ ಕಲಿತ?

ಮುಂದಿನ ಶನಿವಾರ ಸೆರಗು ಹೊದ್ದು ಅವನ ಹಿಂದೆಯೇ ಹೊರಟಳು. ಓಲ್ಡ್ ಟೌನಿನಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯ ಡೇರೆಯೊಳಗೆ ಹೊನ್ನಯ್ಯ ಹೊಕ್ಕ. ತಟ್ಟಿಯ ಸಂದಿಯಲ್ಲಿ ಇಣುಕಿದರೆ ಹಸಿರು ಸೀರೆ, ಮೊಳದುದ್ದ ಮಲ್ಲಿಗೆ, ಕಾಡಿಗೆ ಹಚ್ಚಿದ ಕಣ್ಣು. ಆ ಕಣ್ಣನ್ನೇ ನೋಡುತ್ತಾ ಹೊನ್ನಯ್ಯ ಹಾಡುತ್ತಿದ್ದ. ಸೀರೆಯವಳು ಬಳುಕಿ ಅವನ ಹೆಗಲಿಗೆ ಕೆನ್ನೆ ಆನಿಸಿದಳು.

ಸುವರ್ಣ ತಟ್ಟಿ ಸರಿಸಿ ಒಳಗೆ ಬಂದು ನಿಂತಳು.

"ಇವಳ ಹೆಸರಾದ್ರೂ ಹೇಳ್ತೀರಾ, ಅದಕ್ಕೂ ಬಾಯಿ ಬರಲ್ವಾ?"

"ಷಡಕ್ಷರಪ್ಪ," ಎಂದಿತು ಸೀರೆ, ದಪ್ಪ ದನಿಯಲ್ಲಿ. "ಕೂತ್ಕೊಳ್ಳಿ ತಾಯಿ. ಈ ಕಂಪನೀಲಿ ಹೆಣ್ಣು ಪಾರ್ಟೆಲ್ಲಾ ನಂದೇ." ಚೌರಿ ಕಿತ್ತು ಪಕ್ಕಕ್ಕಿಟ್ಟು ಬೀಡಿ ಹಚ್ಚಿದ.

ಸುವರ್ಣಳ ಅನುಮಾನ ಅಷ್ಟಕ್ಕೆ ಇಳಿಯಲಿಲ್ಲ. "ಇವರಿಗೆ ನಿಮ್ಮ ಹತ್ರ ಏನು ಸರಸ?"

"ಸರಸ ನಿಮ್ಮ ಹತ್ರ ಆಡೋದಕ್ಕೇ ತಾಯಿ. ಹೆಂಗಸಿನ ಕಣ್ಣು ನೋಡ್ಕೊಂಡು ಹಾಡೋದು ಕಲಿಸಿ ಅಂತ ನನ್ನ ಪ್ರಾಣ ತಿಂತಿದಾರೆ. ಮದುವೇಲಿ ಮಾನ ಹೋಯ್ತಂತೆ."

ಸುವರ್ಣ ಗಂಡನ ಎದುರಿಗೇ ಕೂತಳು. "ಹಾಗಾದ್ರೆ ಹಾಡಿ. ಕೇಳ್ತೀನಿ."

ಹೊನ್ನಯ್ಯ ಬಾಯಿ ತೆರೆದ, ಮುಚ್ಚಿದ, ಹಣೆ ಒರೆಸಿಕೊಂಡ. "ನೀನು ಹಾಗೆ ನೋಡಿದ್ರೆ ಆಗಲ್ಲ."

"ಅವರು ನೋಡಿದ್ರೆ ಆಗುತ್ತೆ?"

"ಅವರು ನೋಡಿದ್ರೆ ನಂಗೇನೂ ಅನ್ನಿಸಲ್ಲ ಸುವರ್ಣ." ಅವನು ತಲೆ ತಗ್ಗಿಸಿದ. "ಅವತ್ತು ಹಾಡು ಬಾಯಿಪಾಠ ಮಾಡ್ಕೊಂಡೇ ಬಂದಿದ್ದೆ. ನೀನು ಕಣ್ಣೆತ್ತಿ ನೋಡಿದೆ. ಎಲ್ಲಾ ಮರೆತುಹೋಯ್ತು. ದಿನಾ ಹಾಗೇ ಆಗುತ್ತೆ."

ಷಡಕ್ಷರಪ್ಪ ಬೀಡಿ ಹಿಡಿದು ಸದ್ದಿಲ್ಲದೆ ಹೊರಗೆ ಹೋದ.

"ಹಾಡು ಬೇಡ ಬಿಡಿ," ಎಂದಳು ಸುವರ್ಣ. "ಈಗ ಹೇಳಿದ್ರಲ್ಲ, ಅದನ್ನೇ ಇನ್ನೊಂದ್ಸಲ, ನನ್ನ ಮುಖ ನೋಡ್ಕೊಂಡು ಹೇಳಿ."

ಹೊನ್ನಯ್ಯ ತಲೆಯೆತ್ತಿ ನೋಡಿದ. ಒಂದು ಮಾತೂ ಹೊರಡಲಿಲ್ಲ. ಈ ಸಲ ಸುವರ್ಣಳಿಗೆ ಯಾವ ಅನುಮಾನವೂ ಬರಲಿಲ್ಲ.