ವೆಂಡೆಲ್ ಬೇಸ್‌ಬಾಲ್ ಬಿಟ್ಟ ಬೇಸಿಗೆ

"ಇವತ್ತು ಬೇಡ ಕಣೆ ಮಾರ್ಲಾ," ಎಂದ ವೆಂಡೆಲ್. "ಇನ್ಮೇಲೂ ಬೇಡ."

ಮಾರ್ಲಾ ಗ್ಯಾರೇಜಿನ ಹಿಂದೆ ಚೆಂಡು ಹಿಡಿಯುವ ಗ್ಲೋವ್ ತೊಟ್ಟು ಕುಕ್ಕರಗಾಲಲ್ಲಿ ಕೂತಿದ್ದಳು. ಹಾಗೇ ಕೂತಿದ್ದಳು, ಅವನು ಒಳಗೆ ಹೋದ ಮೇಲೂ.

ಒಹಾಯೊದ ಆ ಪುಟ್ಟ ಊರಿನಲ್ಲಿ ಅವಳ ಅಣ್ಣ ವೆಂಡೆಲ್‌ನಂಥ ಆಟಗಾರ ಇನ್ನೊಬ್ಬನಿರಲಿಲ್ಲ. ಬೇಸಿಗೆಯಲ್ಲಿ ಬೇಸ್‌ಬಾಲ್. ಎಲೆ ಉದುರುವ ಕಾಲಕ್ಕೆ ಫುಟ್‌ಬಾಲ್, ಅಂದರೆ ಹೆಲ್ಮೆಟ್ ಹಾಕಿಕೊಂಡು, ಚೂಪು ತುದಿಯ ಚೆಂಡನ್ನು ಅವುಚಿಕೊಂಡು, ಎದುರಾದವರನ್ನು ಗುದ್ದಿ ಓಡುವ ಆಟ. ಎರಡಕ್ಕೂ ಕಾಲೇಜಿನವರು ತಮ್ಮ ತಂಡಕ್ಕೆ ಕರೆದಿದ್ದರು. ಅವನು ಫುಟ್‌ಬಾಲ್‌ಗೆ ಹ್ಞೂ ಎಂದಿದ್ದ.

ಹಾಗಾದರೆ ಐದು ವರ್ಷದ ಸಂಜೆಗಳು? ಅವನು ಎಸೆಯುವುದು, ಅವಳು ಹಿಡಿಯುವುದು. ಅಂಗೈ ಕೆಂಪಾದರೂ ಒಂದು ದಿನವೂ ಅವಳು ಸಾಕು ಎಂದವಳಲ್ಲ. ಜಗಲಿಯ ರೇಡಿಯೊದಲ್ಲಿ ಕಾಮೆಂಟರಿ ಕೇಳುತ್ತ ಅಜ್ಜ, ಅವನ ಎಸೆತ ಗುರಿಗೆ ಸರಿಯಾಗಿ ಬಿದ್ದಾಗಲೆಲ್ಲ, ಅಲ್ಲಿಂದಲೇ "ಸ್ಟ್ರೈಕ್!" ಎನ್ನುತ್ತಿದ್ದರು. ಕತ್ತಲಾಗಿ ಚೆಂಡು ಕಾಣದಾದಾಗ ಇಬ್ಬರೂ ಹುಲ್ಲಿನ ಮೇಲೆ ಬಿದ್ದುಕೊಂಡು ಕಿತ್ತಳೆ ಐಸ್‌ಕ್ಯಾಂಡಿ ಚೀಪುತ್ತಿದ್ದರು.

ಮಾರ್ಲಾ ಅಣ್ಣನ ಜೊತೆ ಮಾತು ಬಿಟ್ಟಳು. ಆಗಸ್ಟಿನಲ್ಲಿ ಅವನು ಕಾಲೇಜಿಗೆ ಹೊರಟಾಗಲೂ ಕೋಣೆಯಿಂದ ಈಚೆ ಬರಲಿಲ್ಲ.

ಮುಂದಿನ ಶನಿವಾರ ಅಜ್ಜ ಅವಳನ್ನು ಟ್ರಕ್ಕಿನಲ್ಲಿ ಕೂರಿಸಿಕೊಂಡು ಕಾಲೇಜಿನ ಮೈದಾನಕ್ಕೆ ಹೋದರು. ಅಜ್ಜನೂ ಒಂದು ಕಾಲದಲ್ಲಿ ಉಕ್ಕಿನ ಕಾರ್ಖಾನೆಯ ತಂಡಕ್ಕೆ ಬೇಸ್‌ಬಾಲ್ ಆಡಿದವರೇ.

"ನಿಮಗೆ ಬೇಜಾರಾಗಿಲ್ವಾ ಅಜ್ಜ?"

"ಆಗದೆ ಏನು? ಮೂರು ದಿನ ಊಟ ರುಚಿಸಲಿಲ್ಲ." ಅಜ್ಜ ಬೇಲಿಗೆ ಒರಗಿದರು. "ಆದರೆ ಬೇಸ್‌ಬಾಲ್ ಮ್ಯಾಚ್ ಇರೋ ದಿನ ಬೆಳಿಗ್ಗೆ ಅವನು ವಾಂತಿ ಮಾಡ್ಕೋತಿದ್ನಲ್ಲ, ಅದು ನಿಂಗೆ ಗೊತ್ತಿತ್ತಾ?"

ಗೊತ್ತಿತ್ತು. ಬಚ್ಚಲ ಬಾಗಿಲ ಹೊರಗೆ ನಿಂತು ಅವಳು ಕೇಳಿಸಿಕೊಂಡಿದ್ದಳು. ದೊಡ್ಡ ಆಟಗಾರರೆಲ್ಲ ಹಾಗೇ ಇರಬೇಕು ಎಂದುಕೊಂಡಿದ್ದಳು.

"ಬೇಸ್‌ಬಾಲಲ್ಲಿ ಚೆಂಡು ಎಸೆಯೋನು ಮೈದಾನದ ನಡುವಿನ ದಿಬ್ಬದ ಮೇಲೆ ಒಬ್ಬನೇ ನಿಂತಿರ್ತಾನೆ, ಪುಟ್ಟಿ," ಎಂದರು ಅಜ್ಜ. "ಎಲ್ಲರಿಗೂ ಅದು ಒಗ್ಗಲ್ಲ."

ಮೈದಾನದಲ್ಲಿ ಆರೇಳು ಹುಡುಗರು, ಚೆಂಡು ಅವುಚಿ ಓಡುತ್ತಿದ್ದ ವೆಂಡೆಲ್‌ನ ಮೇಲೆ ದಬದಬನೆ ಬಿದ್ದರು. ಮಾರ್ಲಾ ಬೇಲಿಯ ತಂತಿಯನ್ನು ಬಿಗಿಯಾಗಿ ಹಿಡಿದಳು. ಒಬ್ಬೊಬ್ಬರಾಗಿ ಎದ್ದರು. ಎಲ್ಲರಿಗಿಂತ ಕೆಳಗಿದ್ದ ಅವನನ್ನು ಇಬ್ಬರು ಕೈಕೊಟ್ಟು ಎಬ್ಬಿಸಿದರು. ಅವನು ಹೆಲ್ಮೆಟ್ ತೆಗೆದ. ಮುಖದ ತುಂಬ ಮಣ್ಣು. ನಗುತ್ತಿದ್ದ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಐದು ವರ್ಷ ಅವನ ಮುಖವನ್ನೇ ನೋಡುತ್ತ ಕೂತವಳು ಮಾರ್ಲಾ. ಈ ನಗುವನ್ನು ಮಾತ್ರ ಅವಳು ನೋಡಿರಲಿಲ್ಲ.

"ಹೊರಡೋಣ್ವಾ?" ಎಂದರು ಅಜ್ಜ.

"ಇನ್ನೊಂದು ಸ್ವಲ್ಪ ಹೊತ್ತು," ಎಂದಳು ಅವಳು.