ಚಿಕ್ಕನಂಜಮ್ಮನ ಕೈಮದ್ದು

ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಉಳಿದಿತ್ತು. ಪಕ್ಕದಲ್ಲೇ ಕಾಮಾಕ್ಷಮ್ಮ ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತಿದ್ದಳು. ನಾನು ಚಿಕ್ಕರಸಿನಕೆರೆಗೆ ಸರ್ಕಾರಿ ನರ್ಸಾಗಿ ಬಂದು ಎಪ್ಪತ್ತಾರನೇ ಇಸವಿಗೆ ಐದು ವರ್ಷ. ಇಂಥ ನೋವನ್ನು ಹೆರಿಗೆಯಲ್ಲಿ ಮಾತ್ರ ಕಂಡಿದ್ದೆ.

"ಅತ್ತೇನೇ ಮದ್ದಾಕವ್ಳೆ," ಎಂದ ಅವಳ ಅಣ್ಣ, ಮಳವಳ್ಳಿಯ ಸಿದ್ದರಾಮು. "ಮುದ್ಕಿ ಅಡುಗೆ ಮಾಡಿದ್ ದಿನಾನೇ ನನ್ ತಂಗಿಗೆ ನೋವು. ಇದು ಆರ್ನೇ ಸಲ. ಪೊಲೀಸ್ ಸ್ಟೇಷನ್‌ಗೆ ಓಯ್ತೀನಿ."

ಅತ್ತೆ ಚಿಕ್ಕನಂಜಮ್ಮ ಗೋಡೆಗೊರಗಿ ಕೂತಿದ್ದಳು. ಮನೆಗೆ ಬಂದವರಿಗೆಲ್ಲ ಊಟ ಇಕ್ಕಿದ ಕೈ ಅವಳದು. ನನಗೆ ಸಿದ್ದರಾಮು ಮೇಲೆ ರೇಗಿತು. ಅದೇ ಮುದ್ದೆ, ಅದೇ ಸಾರು ಮನೆಯವರೆಲ್ಲ ಉಂಡಿದ್ದರಲ್ಲ? ಹಾಗಾದರೆ ಈ ನೋವು—?

ಬಟ್ಟೆಗಂಟು ಹೊತ್ತು ಬಂದ ಮಡಿವಾಳರ ಪಟ್ಟಲಮ್ಮ ಹೊಸ್ತಿಲಾಚೆ ನಿಂತಿದ್ದಳು. ಕೇಳಬೇಕು ಅನ್ನಿಸಿದ್ದನ್ನು ಎದುರಿಗೆ ಯಾರಿದ್ದರೂ ಕೇಳುವ ಹೆಂಗಸು.

"ಸಿದ್ದರಾಮಣ್ಣ, ದೊಡ್ಡವ್ವ ಅಡುಗೆ ಮಾಡೋದು ಯಾವಾಗ?" ಎಂದು ಚಿಕ್ಕನಂಜಮ್ಮನ ಕಡೆ ಕೈ ತೋರಿಸಿದಳು.

"ಕಿರಿಸೊಸೆ ಒರಗೆ ಕೂತಾಗ. ಮಿಕ್ಕ ದಿನ ಅವ್ಳೇ ಮಾಡೋದು."

"ಇವತ್ತೂ ಕೂತವ್ರೆ. ಅವ್ರ ಬಟ್ಟೆಗೇ ಬಂದೆ." ಪಟ್ಟಲಮ್ಮ ಕಾಮಾಕ್ಷಮ್ಮನ ಕಡೆ ತಿರುಗಿದಳು. "ಅವ್ವಾ, ನಿಮ್ ಬಟ್ಟೆ ನಂಗೆ ಯಾವಾಗಿಂದ ಬಂದಿಲ್ಲ?"

ಸಿದ್ದರಾಮು ಮುಖ ತಿರುಗಿಸಿದ.

"ಮುಟ್ಟು ನಿಲ್ತಿಲ್ಲ ಅಂತ ಆಸ್ಪತ್ರೇಲಿ ಗರ್ಭಕೋಸ ಕೆರೆಸಿ ವರ್ಸ ಆಯ್ತು," ಕಾಮಾಕ್ಷಮ್ಮ ನರಳುತ್ತಲೇ ಹೇಳಿದಳು. "ಮೊದ್ಮೊದ್ಲು ಚೂರು ಆಯ್ತಿತ್ತು. ಆರ್ ತಿಂಗ್ಳಿಂದ ಏನೂ ಇಲ್ಲ ಕಣೆ. ಸದ್ಯ ನಿಂತ್ಕತು ಅಂತ ದೇವ್ರಿಗೆ ಕೈ ಮುಗ್ದೆ."

"ನೋವು ಸುರುವಾಗಿದ್ದು?"

"ಅದೂ ಆರ್ ತಿಂಗ್ಳೇ."

ಪಟ್ಟಲಮ್ಮ ಗಂಟು ಕೆಳಗಿಟ್ಟಳು. "ನೋಡಣ್ಣ, ಈ ಓರಗಿತ್ತೀರು ಇಬ್ರೂ ಒಂದೇ ದಿನ ಒರಗೆ ಕೂರೋರು. ಇಬ್ರ ಬಟ್ಟೇನೂ ಒಟ್ಗೇ ತಕ್ಕೊಂಡೋಯ್ತಿದ್ದೆ. ಈಗ ಕಿರಿಸೊಸೆದು ಬತ್ತದೆ, ಇವ್ರುದಿಲ್ಲ. ನೋವು ಮಾತ್ರ ಅದೇ ದಿನಕ್ಕೆ ಬತ್ತದೆ. ಮುಟ್ಟು ನಿಂತಿಲ್ಲ, ಒರಕ್ಕೆ ಬರಾಕೆ ದಾರಿ ಇಲ್ಲ. ಇದ್ರಲ್ಲಿ ದೊಡ್ಡವ್ವಂದೇನ್ ತಪ್ಪು?"

ಕಲಿತ ನನಗೆ ಹೊಳೆಯದೆ ಹೋಯಿತಲ್ಲ ಎಂದು ನಾಚಿಕೆಯಾಯಿತು. ಆದರೂ ಪಟ್ಟಲಮ್ಮ ನಮ್ಮೂರವಳು ಅನ್ನುವ ಹೆಮ್ಮೆಯೇ ಜಾಸ್ತಿ.

ಸಿಕ್ಕ ಬಸ್ಸಿಗೇ ಮಂಡ್ಯಕ್ಕೆ ಕರೆದುಕೊಂಡು ಹೋದೆವು. ಲೇಡಿ ಡಾಕ್ಟರು ಗರ್ಭಕೋಶದ ಬಾಯಿ ಬಿಡಿಸಿದರು. ಕಪ್ಪಗಾದ ಹಳೇ ರಕ್ತ ಬಂತು.

"ಕೆರೆದ ಗಾಯ ಮಾಯುವಾಗ ಬಾಯಿ ಅಂಟಿಕೊಂಡಿದೆ. ತಿಂಗಳ ರಕ್ತವೆಲ್ಲ ಒಳಗೇ ನಿಂತಿತ್ತು. ಮತ್ತೆ ಅಂಟಿಕೊಳ್ಳಬಹುದು, ನೋವು ಬಂದರೆ ತಡ ಮಾಡಬೇಡಿ," ಎಂದರು. "ಗುರುತು ಹಿಡಿದದ್ದು ನೀವೇನಾ?"

"ಅಲ್ಲ ಡಾಕ್ಟ್ರೇ. ನಮ್ಮೂರ ಪಟ್ಟಲಮ್ಮ. ಬಟ್ಟೆ ಒಗೀತಾಳೆ," ಎಂದೆ, ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ.

ವಾರದ ಮೇಲೆ ಸಿದ್ದರಾಮು ಬಂದು ಚಿಕ್ಕನಂಜಮ್ಮನ ಮುಂದೆ ಕೂತ. "ತಪ್ಪಾಯ್ತು ಅತ್ತೆ. ನಿಮ್ ಕೈಯಾರೆ ಒಂದ್ ಮುದ್ದೆ ಇಕ್ಕಿ."

"ವಸಿ ಇರ್ಲಾ," ಎಂದಳು ಮುದುಕಿ. ಹೊಸ್ತಿಲಾಚೆ ನಿಂತಿದ್ದ ಪಟ್ಟಲಮ್ಮನನ್ನು ಕೈ ಹಿಡಿದು ಒಳಗೆ ಕರೆತಂದು ಕೂರಿಸಿದಳು. ಮೊದಲ ಮುದ್ದೆ ಅವಳ ತಟ್ಟೆಗೆ ಬಿತ್ತು.

ಸಿದ್ದರಾಮು ತಟ್ಟೆ ಮುಂದಿಟ್ಟುಕೊಂಡು ತನ್ನ ಸರದಿಗೆ ಕಾದ.